ಜುಲೈನಲ್ಲಿ ಕುಂದಾಪುರದ ಅತ್ತೆ-ಮಾವನನ್ನು ಚಿಕ್ಕಮಗಳೂರು ಮಾರ್ಕೆಟ್‌ನ ಮೀನಿನ ಹೋಟೆಲಿಗೆ ಕರೆದುಕೊಂಡು ಹೋಗಬಹುದಾ, ಇಲ್ಲ ಎಸಿ ರೆಸ್ಟೋರೆಂಟೇ ವಾಸಿನಾ?

"ಕರಾವಳಿಯವರು, ಮೊದಲ ಸಲ ನಮ್ಮೂರಿಗೆ ಬರ್ತಿದ್ದಾರೆ, ಎರಡು ದಿನ ಮೊದಲೇ ಫೋನ್ ಮಾಡಿ ಒಳ್ಳೇ ಬಂಗುಡೆ, ಅಂಜಲ್ ತರಿಸಿಡೋಕೆ ಹೇಳೋಣ ಅಂತಿದ್ದೀನಿ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಎಂಟು ವರ್ಷದ ಹಿಂದೆ ಇದೇ ತಿಂಗಳಲ್ಲಿ ಇದೇ ಊರಲ್ಲಿ ನಾನು ಮಾಡಿದ್ದು ಅಕ್ಷರಶಃ ಅದನ್ನೇ.

ನನ್ನ ತಂಗಿಯನ್ನು ಕೊಟ್ಟಿರುವುದು ಮಲ್ಪೆ ಕಡೆಗೆ. ಮದುವೆಯಾಗಿ ಮೊದಲ ಆಷಾಢ. ನಮ್ಮಲ್ಲಿ ಆಷಾಢಕ್ಕೆ ಹೆಣ್ಣುಮಗಳನ್ನು ತವರಿಗೆ ಕರೆಸಿಕೊಳ್ಳುವ ಹಾಗೆ ಅವರಲ್ಲಿ ಆಟಿ ತಿಂಗಳಿಗೆ ಕಳಿಸಿಕೊಡುತ್ತಾರೆ. ಬೀಗರಿಬ್ಬರೂ ತಾವೇ ಜೊತೆಗೆ ಬಂದು ಸೊಸೆಯನ್ನು ಬಿಟ್ಟು, ಒಂದು ದಿನ ಇದ್ದು ಹೋಗುತ್ತೇವೆ ಅಂದರು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಮನೆಗೆ ನಾನೇ ಹಿರಿಯ. ಮದುವೆಯಲ್ಲಿ ಅವರು ನಮ್ಮ ಕಡೆಯವರಿಗೆ ಹಾಕಿದ ಊಟ ನನ್ನ ಕಣ್ಣ ಮುಂದೆಯೇ ಇತ್ತು. ಕಾಣೆ ರವಾ ಫ್ರೈ, ಸಿಗಡಿ ಸುಕ್ಕ, ಅಂಜಲ್ ಗಸಿ, ಸಾಕು ಅಂದರೂ ಬಿಡದೆ ಬಡಿಸಿದ್ದರು. ಅವರ ಮುಂದೆ ನಮ್ಮ ಮನೆ ಕಡಿಮೆ ಆಗಬಾರದು ಅನ್ನೋ ಒಂದೇ ಯೋಚನೆ ನನಗೆ.

ಮಾರ್ಕೆಟ್ ರೋಡಿನಲ್ಲಿ ನನ್ನದು ಪಂಪ್‌ಸೆಟ್, ಸ್ಪ್ರೇಯರ್ ರಿಪೇರಿ ಅಂಗಡಿ. ತೋಟದವರು ಬೆಳಿಗ್ಗೆ ಮಷಿನ್ ಕೊಟ್ಟು ಹೋದರೆ ಮಧ್ಯಾಹ್ನದವರೆಗೆ ಎದ್ದೇಳೋಕೆ ಆಗಲ್ಲ. ಊಟಕ್ಕೆ ಮಾರ್ಕೆಟ್ ಒಳಗಿನ ಒಂದು ಸಣ್ಣ ಮೀನಿನ ಹೋಟೆಲ್. ಆರೇ ಟೇಬಲ್. ಮುಂದುಗಡೆ ದೊಡ್ಡ ಕಬ್ಬಿಣದ ತವಾ, ಗೋಡೆಗೆ ಆನಿಸಿದ ಕರಿ ಹಲಗೆ. ಅದರ ಮೇಲೆ ಅವತ್ತಿನ ಮೀನಿನ ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು, ಮುಗಿದದ್ದನ್ನು ಬೆರಳಲ್ಲೇ ಒರೆಸುತ್ತಿದ್ದರು. ಎರಡೂವರೆಗೆಲ್ಲ ಹಲಗೆ ಖಾಲಿ, ಹೋಟೆಲೂ ಖಾಲಿ. ಆ ಹಲಗೆ ನೋಡಿ ಊಟ ಹೇಳುವುದು ನನಗೆ ಏಳೆಂಟು ವರ್ಷದ ರೂಢಿ. ಒಂದು ದಿನವೂ ಹೊಟ್ಟೆ ಕೆಟ್ಟಿರಲಿಲ್ಲ. ಬೀಗರು ಬರುತ್ತಾರೆ ಅಂದ ಕೂಡಲೇ ಆ ರೂಢಿಯನ್ನೇ ಬಿಟ್ಟೆ.

ಭಾನುವಾರ ಊಟ. ಶುಕ್ರವಾರ ಬೆಳಿಗ್ಗೆಯೇ ಹೋಟೆಲಿನವರಿಗೆ ಫೋನ್ ಮಾಡಿದೆ. "ಐದು ಜನ ಬರ್ತೀವಿ, ಬಂಗುಡೆ, ಅಂಜಲ್ ಎತ್ತಿಡಿ, ಬೇರೆ ಯಾರಿಗೂ ಕೊಡಬೇಡಿ" ಅಂದೆ. ಅವರು "ಮಳೆಗಾಲ ಅಣ್ಣಾ, ಭಾನುವಾರ ಬೆಳಿಗ್ಗೆ ಏನು ಬರುತ್ತೋ ನೋಡಿಕೊಂಡು ಮಾಡೋಣ" ಅಂದರು. ನಾನು ಒಪ್ಪಲಿಲ್ಲ. ಮಲ್ಪೆಯವರು ಬರ್ತಿದ್ದಾರೆ, ಕಡಲ ಮೀನೇ ಬೇಕು ಅಂತ ಪಟ್ಟು ಹಿಡಿದೆ.

ಈ ಒಂದು ಫೋನ್ ಬಗ್ಗೆ ನಾನು ಎಷ್ಟು ಸಲ ಯೋಚಿಸಿದ್ದೀನೋ ಲೆಕ್ಕವಿಲ್ಲ. ದಯವಿಟ್ಟು ನಿಧಾನವಾಗಿ ಓದಿ, ನೀವು ಮಾಡೋಕೆ ಹೊರಟಿರುವುದೂ ಇದೇ. ಸಣ್ಣ ಹೋಟೆಲಿನ ಮೀನು ತಾಜಾ ಇರುವುದು ಅವರ ಹತ್ತಿರ ದೊಡ್ಡ ಫ್ರೀಜರ್ ಇರುವುದರಿಂದಲ್ಲ, ಇಲ್ಲದೇ ಇರುವುದರಿಂದ. ಬೆಳಿಗ್ಗೆ ತಂದದ್ದು ಮಧ್ಯಾಹ್ನ ತೀರಲೇಬೇಕು, ಮಿಕ್ಕರೆ ನಷ್ಟ. ಹಾಗಾಗಿ ತೀರುವಷ್ಟೇ ತರುತ್ತಾರೆ. ಅವರ ಇಡೀ ವ್ಯಾಪಾರ ನಿಂತಿರುವುದು ಆ ಲೆಕ್ಕದ ಮೇಲೆ. ನಾನು ಎರಡು ದಿನ ಮುಂಚೆ ಫೋನ್ ಮಾಡಿ, ತೀರಿಹೋಗಬೇಕಾದ ಮೀನನ್ನು ಎತ್ತಿಡಿಸಿದೆ. ಆ ಹೋಟೆಲಿಗೆ ಅಭ್ಯಾಸವೇ ಇಲ್ಲದ ಕೆಲಸವನ್ನು ನಾನು ಹೇಳಿ ಮಾಡಿಸಿದೆ. ಅವರು ಶುಕ್ರವಾರದ ಬಂಗುಡೆಯಲ್ಲಿ ನಮಗಂತ ಒಂದು ಪಾಲು ತೆಗೆದು ಥರ್ಮೋಕೋಲ್ ಡಬ್ಬದಲ್ಲಿ ಐಸ್ ಹಾಕಿಟ್ಟರು. ಫೋನ್ ಮಾಡದೆ ಹೋಗಿದ್ದರೆ ಆ ಬಂಗುಡೆಯನ್ನು ಶುಕ್ರವಾರವೇ ಯಾರೋ ತಿಂದು ಮುಗಿಸಿರುತ್ತಿದ್ದರು. ಮುಂಚಿತವಾಗಿ ಹೇಳಿಡುವುದು ಅಂದರೆ ಕಾಳಜಿ ಅಂತ ನಾನು ತಿಳಿದಿದ್ದೆ. ಕೋಳಿಗೆ, ಕುರಿಗೆ ಅದು ಸರಿ. ಮೀನಿನ ವಿಷಯದಲ್ಲಿ ತಪ್ಪು.

ಶನಿವಾರ ರಾತ್ರಿ ಗಾಳಿಮಳೆ. ನಮ್ಮೂರ ಜುಲೈ ನಿಮಗೆ ಹೇಳಬೇಕಾಗಿಲ್ಲ. ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು, ಭಾನುವಾರ ಮಧ್ಯಾಹ್ನವಾದರೂ ಬಂದಿರಲಿಲ್ಲ. ಕರೆಂಟಿಲ್ಲದೆ ಹೊಸ ಐಸ್ ಎಲ್ಲಿಂದ ಬರಬೇಕು, ಡಬ್ಬದ ಐಸ್ ಯಾವಾಗ ನೀರಾಯಿತೋ ಯಾರಿಗೆ ಗೊತ್ತು.

ಆ ಮೀನಾದರೂ ಎಲ್ಲಿಂದ ಬಂದಿದ್ದು? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು, ಕಡಲೂ ಒರಟು. ನಾಡದೋಣಿಯವರು ಮಾತ್ರ ಕಡಲು ಕೊಂಚ ಸುಮ್ಮನಾದ ದಿನ ದಡದ ಹತ್ತಿರ ಬಲೆ ಬಿಡುತ್ತಾರೆ, ಆ ಮೀನು ಬಹುಮಟ್ಟಿಗೆ ಅಲ್ಲೇ ಖರ್ಚಾಗುತ್ತದೆ. ಪೂರ್ವ ಕರಾವಳಿಯಲ್ಲಿ ಈ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಜುಲೈನಲ್ಲಿ ತಮಿಳುನಾಡು, ಆಂಧ್ರದ ಬೋಟುಗಳು ಕಡಲಲ್ಲಿರುತ್ತವೆ, ನಮ್ಮವು ದಡದಲ್ಲಿರುತ್ತವೆ. ಮಿಕ್ಕ ತಿಂಗಳಲ್ಲಿ ಮಂಗಳೂರಿನಿಂದ ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರ, ಮೂಡಿಗೆರೆ ದಾಟಿ 150 ಕಿಲೋಮೀಟರ್ ಬಂದರೆ ಮೀನು ನಮ್ಮೂರಲ್ಲಿ. ರಾತ್ರಿ ಹೊರಟದ್ದು ಬೆಳಿಗ್ಗೆ ಮಾರ್ಕೆಟ್ಟಿಗೆ ಬರುತ್ತದೆ. ಅದೇ ಚೆನ್ನೈನಿಂದಾದರೆ ಬೆಂಗಳೂರು ದಾಟಿಕೊಂಡು 550ಕ್ಕೂ ಹೆಚ್ಚು ಕಿಲೋಮೀಟರ್, ನಡುವೆ ಎಷ್ಟು ಕೈ ಬದಲಾಗಿರುತ್ತೋ. ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡೆ. ಅವತ್ತು ನನಗಿದ್ದದ್ದು, ನಮ್ಮ ಘಟ್ಟದ ಕೆಳಗೇ ಕಡಲಿದೆ, ಮೀನಿಗೇನು ಬರ ಅನ್ನೋ ಧೈರ್ಯ.

ಭಾನುವಾರ ಒಂದು ಗಂಟೆಗೆ ಹೋದೆವು. ಬಾಗಿಲಲ್ಲಿ ಕೊಡೆಗಳ ರಾಶಿ, ಒಳಗೆ ಒಂದು ಗ್ಯಾಸ್‌ಲೈಟು. ಹೋಟೆಲಿನವರು ನನ್ನನ್ನು ಗಲ್ಲಾ ಹತ್ತಿರ ಕರೆದು ಮೆಲ್ಲಗೆ ಹೇಳಿದರು. "ಅಣ್ಣಾ, ಕಡೂರು ಕಡೆಯಿಂದ ಬೆಳಿಗ್ಗೆ ಕಾಟ್ಲಾ ಬಂದಿದೆ. ಕೆರೆ ಗುತ್ತಿಗೆಯವರು ತಂದಿದ್ದು, ಇನ್ನೂ ಬಾಯಿ ಬಿಡ್ತಿತ್ತು. ಅದರದ್ದೇ ಸಾರು, ಫ್ರೈ ಮಾಡಿಸಲಾ? ಬಂಗುಡೆ ಬೇಡ ಅನ್ಸುತ್ತೆ." ನಾನು ಬೀಗರಿಗೆ ಕೇಳಿಸುವ ಹಾಗೆಯೇ ಅಂದೆ, "ನಾನು ಶುಕ್ರವಾರವೇ ಹೇಳಿದ್ದೇನು, ಈಗ ನೀವು ಹೇಳ್ತಿರೋದೇನು?" ಅವರು ಮತ್ತೆ ಮಾತಾಡಲಿಲ್ಲ. ತವಾ ಹತ್ತಿರ ಹೋದರು.

ಬೇಡ ಅನ್ನಿಸಿದ ಮೇಲೆ ಅವರು ಅದನ್ನು ಬಡಿಸಬಾರದಿತ್ತು. ಗಿರಾಕಿ ಎಷ್ಟೇ ಕೂಗಾಡಲಿ, ಚೆಲ್ಲಬೇಕಿತ್ತು. ಅದು ಅವರ ತಪ್ಪೇ. ಆದರೆ ಬಾಯಿಬಿಟ್ಟು ಹೇಳಿದ ಮನುಷ್ಯನನ್ನು ನಾಲ್ಕು ಜನರ ಮುಂದೆ ಸುಮ್ಮನಾಗಿಸಿದ್ದು ನಾನು.

ಬಂಗುಡೆ ನೋಡೋಕೆ ಚೆನ್ನಾಗಿಯೇ ಇತ್ತು. ಕೆಂಪು ಮಸಾಲೆ, ಅಂಚು ಗರಿಗರಿ, ಮೇಲೆ ಎರಡು ಕರಿಬೇವಿನೆಲೆ, ಪಕ್ಕದಲ್ಲಿ ನಿಂಬೆಹಣ್ಣಿನ ಹೋಳು. ವಾಸನೆಯೂ ಏನಿರಲಿಲ್ಲ. ಬೀಗಿತ್ತಿ ಒಂದು ಬಂಗುಡೆಯ ಬೆನ್ನು ಬಿಡಿಸಿ, ಮುಳ್ಳಿನ ಪಕ್ಕದ ಮಾಂಸವನ್ನು ಹೆಬ್ಬೆರಳಲ್ಲಿ ಒಂದು ಸಲ ಒತ್ತಿ, ಹಾಗೇ ತಟ್ಟೆಯ ಅಂಚಿಗೆ ಸರಿಸಿದರು. ಆಮೇಲೆ ಬರೀ ಸಾರನ್ನ ಊಟ ಮಾಡಿದರು. ನಾನು ಅದನ್ನು ನೋಡಿದೆ. ಸಂಕೋಚ ಇರಬೇಕು ಅಂದುಕೊಂಡೆ.

ಅಮ್ಮ ಒಂದು ತಿಂದು ನಿಲ್ಲಿಸಿದರು. "ನಾಲಿಗೆ ಚುರುಚುರು ಅಂತಿದೆ ಕಣೋ, ಕಾಳುಮೆಣಸು ಜಾಸ್ತಿ ಹಾಕಿದ್ದಾರಾ?" ಅಂದರು. "ಅವರ ಕಡೆ ಮಸಾಲೆ ಹಾಗೇ ಅಮ್ಮ, ತಿನ್ನು" ಅಂತ ಇನ್ನೊಂದು ಅವರ ತಟ್ಟೆಗೆ ನಾನೇ ಹಾಕಿದೆ.

ಕೈ ತೊಳೆದು ಆಟೋ ಸ್ಟ್ಯಾಂಡಿನವರೆಗೂ ಹೋಗಿಲ್ಲ, ಅಮ್ಮನ ಮುಖ, ಕಿವಿ, ಕತ್ತು ಎಲ್ಲ ಕೆಂಪು. ಬಿಸಿಲಲ್ಲಿ ದಿನವಿಡೀ ನಿಂತವರ ಹಾಗೆ. ಸುರಿಯೋ ಮಳೆಯಲ್ಲಿ ಅವರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ತಲೆ ಸಿಡಿಯುತ್ತಿದೆ, ಎದೆ ಡವಡವ ಅಂತಿದೆ ಅಂತ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೈ ಮೇಲೆಲ್ಲ ಕಡಿತ, ಬಳೆ ಉಜ್ಜಿದಲ್ಲಿ ಗೆರೆ ಗೆರೆಯಾಗಿ ಚರ್ಮ ಎದ್ದಿತ್ತು. ನನಗೂ ತಲೆ, ಮುಖ ಬಿಸಿಯಾಗಿತ್ತು, ಗಾಬರಿಗೆ ಅಂದುಕೊಂಡೆ. ಬೀಗರೇ ಆಟೋ ನಿಲ್ಲಿಸಿದರು. ನರ್ಸಿಂಗ್ ಹೋಮಿನಲ್ಲಿ ಇಂಜೆಕ್ಷನ್ ಕೊಟ್ಟರು, ಸಂಜೆ ಹೊತ್ತಿಗೆ ಕೆಂಪು ಇಳಿಯಿತು. ಚೀಟಿಯಲ್ಲಿ ಬರೆದದ್ದು ಮೀನಿನ ಅಲರ್ಜಿ, ಇನ್ನು ಮುಂದೆ ಮೀನು ಮುಟ್ಟಬೇಡಿ ಅಂತ.

ಅಮ್ಮನ ತವರು ಸಖರಾಯಪಟ್ಟಣದ ಹತ್ತಿರ. ಅಯ್ಯನಕೆರೆ ಮೀನು ತಿಂದು ಬೆಳೆದವರು. ಹೊಸ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಮೀನನ್ನು ಅಣ್ಣಂದಿರ ಜೊತೆ ಲಾಟೀನು ಹಿಡಿದು ಹಿಡಿಯೋಕೆ ಹೋಗುತ್ತಿದ್ದ ಕಥೆಯನ್ನು ನಾವು ಕೇಳಿ ಕೇಳಿ ಬಾಯಿಪಾಠ ಮಾಡಿದ್ದೆವು. ಅಂಥವರು ಆ ದಿನದಿಂದ ನಾಲ್ಕು ವರ್ಷ ಮೀನು ಮುಟ್ಟಲಿಲ್ಲ. ನಮಗೆ ಮಾಡಿ ಬಡಿಸುತ್ತಿದ್ದರು. ಉಪ್ಪು ನೋಡೋಕೂ ನನ್ನ ಹೆಂಡತಿಯನ್ನು ಕರೆಯುತ್ತಿದ್ದರು. ನನ್ನ ಮರ್ಯಾದೆಯ ಆಸೆಗೆ ತೆತ್ತವರು ಅವರು.

ನಾಲ್ಕು ವರ್ಷದ ನಂತರ ಬಿಪಿ ತೋರಿಸೋಕೆ ಹೋದಾಗ ಬೇರೆ ಡಾಕ್ಟರು ಹಳೇ ಚೀಟಿ ನೋಡಿ ಮೂರು ಪ್ರಶ್ನೆ ಕೇಳಿದರು. ಯಾವ ಮೀನು? ತಿನ್ನುವಾಗ ನಾಲಿಗೆ ಚುರುಗುಟ್ಟಿತ್ತಾ? ಜೊತೆಗೆ ತಿಂದ ಬೇರೆಯವರಿಗೂ ಏನಾದರೂ ಆಯಿತಾ? ನಾನು ಬಿಸಿಯಾದ ನನ್ನ ಮುಖದ ವಿಷಯ ಹೇಳಿದೆ. ಆಗ ಅವರು ವಿವರಿಸಿದ್ದು ಇಷ್ಟು. ಬಂಗುಡೆ, ಬೂತಾಯಿ (ಮತ್ತಿ), ಕೇದರ್ (ಟ್ಯೂನಾ) ಇಂಥ ಕಪ್ಪು ಮಾಂಸದ ಮೀನಿನಲ್ಲಿ ಹಿಸ್ಟಿಡಿನ್ ಅನ್ನೋ ಅಂಶ ಜಾಸ್ತಿ. ಹಿಡಿದ ಮೇಲೆ ತಂಪು ತಪ್ಪಿದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮೈನ್ ಮಾಡಿಬಿಡುತ್ತವೆ. ಅಲರ್ಜಿಯಾದಾಗ ನಮ್ಮ ದೇಹವೇ ಬಿಡುವ ರಾಸಾಯನಿಕ ಅದು, ಹಾಗಾಗಿ ಲಕ್ಷಣ ಎಲ್ಲ ಅಲರ್ಜಿಯ ಹಾಗೇ ಕಾಣುತ್ತದೆ. ಒಂದು ಸಲ ಆಯಿತೆಂದರೆ ಬೇಯಿಸಿದರೂ, ಹುರಿದರೂ, ಮತ್ತೆ ಐಸಿಗೆ ಹಾಕಿದರೂ ಹೋಗುವುದಿಲ್ಲ. ಮೀನು ನಾರದೆಯೂ ಇರಬಹುದು, ಅದಕ್ಕೇ ಮೂಗನ್ನು ನಂಬುವ ಹಾಗಿಲ್ಲ. ಅಮ್ಮನಿಗೆ ಪರೀಕ್ಷೆ ಮಾಡಿಸಿ ನೋಡಿದರು, ಮೀನಿನ ಅಲರ್ಜಿ ಇರಲಿಲ್ಲ. (ನಿಮ್ಮ ಮನೆಯಲ್ಲಿ ಯಾರಿಗಾದರೂ ಅಲರ್ಜಿ ಅಂತ ಹೇಳಿದ್ದರೆ ನನ್ನ ಮಾತು ಕೇಳಿ ತಿನ್ನಿಸಬೇಡಿ. ಡಾಕ್ಟರ ಹತ್ತಿರ ಈ ಮೂರು ವಿಷಯ ಹೇಳಿ, ಅವರು ನಿರ್ಧರಿಸಲಿ. ಉಸಿರು ಕಟ್ಟಿದರೆ, ತುಟಿ, ಗಂಟಲು ಊದಿಕೊಂಡರೆ ಒಂದು ನಿಮಿಷವೂ ಕಾಯಬೇಡಿ.)

ಈಗ ನಿಮ್ಮ ಪ್ರಶ್ನೆ. ಮಾರ್ಕೆಟ್ಟಾ, ಎಸಿನಾ ಅಂತ ಕೇಳಿದ್ದೀರಿ. ಆ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಕುಂದಾಪುರದವರಿಗೆ ಜುಲೈ ತಿಂಗಳಲ್ಲಿ ಘಟ್ಟದ ಮೇಲೆ ಕಡಲ ಮೀನು ಯಾಕೆ ತಿನ್ನಿಸಬೇಕು? ನಮ್ಮ ಬೀಗಿತ್ತಿ ಆಮೇಲೆ, ಎಲ್ಲ ಸರಿಯಾದ ಮೇಲೆ, ತುಂಬಾ ನೊಂದುಕೊಂಡು ಹೇಳಿದರು. "ಎಂತ ಹೇಳುವುದು ಮಗಾ, ಈ ಎರಡು ತಿಂಗಳು ನಾವೇ ಒಣಮೀನು ತಿನ್ನುವುದು. ನಾಡದೋಣಿಯವರದ್ದು ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಬಂಗುಡೆ ಮುಳ್ಳಿನ ಹತ್ತಿರ ಹಿಟ್ಟು ಹಿಟ್ಟಾಗಿತ್ತು. ಬಂದ ಮನೆಯಲ್ಲಿ ಹೇಗೆ ಹೇಳುವುದು ಅಂತ ಸುಮ್ಮನಾದೆ. ನಾನು ಹೇಳಬೇಕಿತ್ತು." ಬೀಗರೂ ಅಂದರು, "ನಾವು ಬಂದದ್ದು ನಿಮ್ಮೂರಿನ ಊಟಕ್ಕೆ ಮಾರಾಯ್ರೆ." ಒಂದು ಮಾತು ಮೊದಲೇ ಕೇಳಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ. ಕರಾವಳಿಯವರು ಅಂದರೆ ಬಂಗುಡೆ ಅಂತ ನಾನೇ ತೀರ್ಮಾನ ಮಾಡಿದ್ದೆ.

ನಿಮ್ಮ ಹೆಂಡತಿಗೆ ಮಾರ್ಕೆಟ್ ಗಲೀಜು ಅನ್ನಿಸುತ್ತೆ ಅಂತಲೂ ಬರೆದಿದ್ದೀರಿ. ಮಳೆಗಾಲದಲ್ಲಿ ಮೀನು ಕೊಯ್ಯುವ ಸಾಲಿನ ಮುಂದೆ ನೆಲ ಜಾರುತ್ತೆ, ವಾಸನೆ ಇರುತ್ತೆ, ನಿಜ. ವಯಸ್ಸಾದವರನ್ನು ಆ ಕಡೆಯಿಂದ ಕರೆದುಕೊಂಡು ಹೋಗಬೇಡಿ, ರೋಡಿನ ಕಡೆಯಿಂದ ಹೋಗಿ. ಎಸಿ ಹೋಟೆಲಿನಲ್ಲಿ ಜನರೇಟರ್ ಇದೆ, ಫ್ರೀಜರ್ ಇದೆ, ಅದನ್ನೂ ಒಪ್ಪುತ್ತೇನೆ. ಆದರೆ ಜುಲೈನಲ್ಲೂ 20 ಬಗೆ ಮೀನಿನ ಹೆಸರು ಮೆನುವಿನಲ್ಲಿ ಅಚ್ಚಾಗಿದ್ದರೆ, ಅವೆಲ್ಲ ಯಾವತ್ತು ಬಂದವು ಅಂತ ಅಲ್ಲಿ ಬಡಿಸುವ ಹುಡುಗನಿಗೂ ತಿಳಿದಿರಲ್ಲ. ಮಾರ್ಕೆಟ್ಟಿನ ಸಣ್ಣ ಹೋಟೆಲಿನಲ್ಲಿ ಬೆಳಿಗ್ಗೆ ಮೀನು ಆರಿಸಿ ತಂದ ಮನುಷ್ಯನೇ ನಿಮ್ಮ ಎದುರಿಗಿರುತ್ತಾನೆ. ಅವನನ್ನು ಕೇಳಬಹುದು. ನಾನು ಇವತ್ತಿಗೂ ಮಾರ್ಕೆಟ್ಟಿಗೇ ಹೋಗುವವನು.

ಕೇಳುವುದನ್ನು ಸರಿಯಾಗಿ ಕೇಳಿ. "ಬಂಗುಡೆ ಫ್ರೆಶ್ ಇದೆಯಾ?" ಅಂದರೆ ಯಾರೂ ಇಲ್ಲ ಅನ್ನಲ್ಲ. "ಇವತ್ತು ಬೆಳಿಗ್ಗೆ ಬಂದಿದ್ದು ಯಾವುದು?" ಅಂತ ಕೇಳಿ, ಅವರು ಹೇಳಿದ್ದನ್ನೇ ತಿನ್ನಿ. ಕಾಟ್ಲಾ, ರೋಹು, ಜಿಲೇಬಿ ಮೀನು, ಏನಾದರೂ ಆಗಲಿ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ರಾತ್ರಿ ಊಟಕ್ಕೆ ಬೇಡ. ಮೊದಲು ಸಾರು ಹೇಳಿ, ಫ್ರೈ ಆಮೇಲೆ. ಮಸಾಲೆ ಮೆತ್ತಿ ಹುರಿದದ್ದರಲ್ಲಿ ಹಳೇದು ಮುಚ್ಚಿಹೋಗುತ್ತೆ, ಸಾರಿನ ಹೋಳಿನಲ್ಲಿ ಮುಚ್ಚೋಕಾಗಲ್ಲ. ಮಾಂಸ ಮುಳ್ಳಿನಿಂದ ಪದರ ಪದರವಾಗಿ ಬಿಡಬೇಕು, ಹಿಟ್ಟಾಗಬಾರದು. ಯಾರಿಗಾದರೂ ನಾಲಿಗೆ ಚುರುಗುಟ್ಟಿತು ಅಂದರೆ ಎಲ್ಲರ ತಟ್ಟೆಯಿಂದಲೂ ಆ ಮೀನು ತೆಗೆಸಿ. ಮಾವನ ಮುಂದೆ ಹೇಗೆ ಅಂತ ನೋಡಬೇಡಿ, ನಾನು ನೋಡಿ ಅನುಭವಿಸಿದ್ದೇನೆ. ಹಿಂದಿನ ರಾತ್ರಿ ಕರೆಂಟ್ ಹೋಗಿದ್ದರೆ ಕಡಲ ಮೀನಿನ ಯೋಚನೆಯನ್ನೇ ಬಿಡಿ. ಮತ್ತೆ ಹೇಳುತ್ತೇನೆ, ಫೋನ್ ಮಾಡಿ ಎತ್ತಿಡಿಸಬೇಡಿ. ಟೇಬಲ್ ಬೇಕಿದ್ದರೆ ಹೇಳಿಡಿ, ಮೀನು ಹೇಳಿಡಬೇಡಿ.

ಮನೆಯಲ್ಲೇ ಮಾಡುವುದಾದರೆ ಇನ್ನೂ ಒಳ್ಳೆಯದು. ಗದ್ದೆ ಏಡಿ ಸಾರು, ಕಡುಬು, ಕಳಲೆ ಪಲ್ಯ, ಬಿಸಿ ಅಕ್ಕಿರೊಟ್ಟಿ. ಈ ಮಳೆಗೆ ಇದಕ್ಕಿಂತ ಏನು ಬೇಕು? ಅಂಜಲ್ ತಿನ್ನಿಸಲೇಬೇಕು ಅಂತಿದ್ದರೆ ಅವರನ್ನು ಇನ್ನೊಮ್ಮೆ ದಸರಾ ಕಳೆದ ಮೇಲೆ ಕರೆಸಿ. ಆಗಸ್ಟ್‌ನಲ್ಲಿ ಬೋಟು ಇಳಿದರೂ ಶ್ರಾವಣ ಅಂತ ನಮ್ಮ ಕಡೆ ಎಷ್ಟೋ ಮನೆಯಲ್ಲಿ ತಿನ್ನಲ್ಲ, ತಿನ್ನುವವರು ಕಡಿಮೆಯಾದಾಗ ಮೀನು ಅಂಗಡಿಯಲ್ಲೇ ಉಳಿಯುತ್ತದೆ.

ಡಾಕ್ಟರು ಹೇಳಿದ ಮೇಲೂ ಅಮ್ಮ ಎರಡು ತಿಂಗಳು ಹೆದರಿದರು. ಕೊನೆಗೆ ಒಂದು ಭಾನುವಾರ ಅವರೇ "ಆ ಹೋಟೆಲಿಗೇ ಹೋಗೋಣ" ಅಂದರು. ಅಷ್ಟು ವರ್ಷವಾದರೂ ಹೋಟೆಲಿನವರಿಗೆ ಅಮ್ಮನ ಗುರುತು ಸಿಕ್ಕಿತು, ಎದ್ದು ನಿಂತರು. ನಾನು ಅವತ್ತಿನ ನನ್ನ ಮಾತಿಗೆ ತಪ್ಪಾಯಿತು ಅಂದೆ. ಅವರು "ನಾನು ಆ ಡಬ್ಬ ಚೆಲ್ಲಬೇಕಿತ್ತು ಅಣ್ಣಾ" ಅಂದರು. ಹಲಗೆ ಮೇಲೆ ಎರಡೇ ಹೆಸರಿತ್ತು, ಅಮ್ಮ ಓದದೆಯೇ "ಬೆಳಿಗ್ಗೆ ಬಂದಿದ್ದು ಯಾವುದಪ್ಪ?" ಅಂತ ಕೇಳಿದರು. ಕಾಟ್ಲಾ ಅಂದರು. ಬಿಸಿ ಮುದ್ದೆ, ಹುಣಸೆಹುಳಿ ಹಾಕಿದ ಸಾರು ಬಂತು. ನಾನು ನಡುಹೋಳು ಎತ್ತಿ ಅಮ್ಮನ ತಟ್ಟೆಗೆ ಹಾಕಲು ಹೋದೆ. ಅಮ್ಮ ನನ್ನ ಕೈ ತಡೆದು, "ಅದು ನಿನಗಿರಲಿ, ತಲೆ ನನಗೆ ಕೊಡು" ಅಂದರು.